ಎಂಟಕ್ಕೂ ಐದಕ್ಕೂ ಮಾತ್ರ ಹರಿದ ಹಳ್ಳ

ಅವಳಿಗೆ ಪಟ್ಟಿ ಅಕ್ಕ ಅಂತ ಹೆಸರು ಬಿದ್ದದ್ದು ಬಂಡೆಗೆ ಬಿಗಿದ ಒಂದು ಅಳತೆ ಪಟ್ಟಿಯಿಂದ. ಬೆಟ್ಟದಿಂದ ಇಳಿದು ಬರುವ ಹಳ್ಳದ ಪಕ್ಕ, ಊರಿನ ಸೇತುವೆಯಿಂದ ಅರ್ಧ ಗಂಟೆ ಮೇಲಕ್ಕೆ ನಡೆದರೆ, ಆಳೆತ್ತರದ ಒಂದು ಬಂಡೆ ಸಿಗುತ್ತದೆ. ಅದರ ಮೈಗೆ ಬಿಳಿ ಬಣ್ಣದ ತಗಡಿನ ಪಟ್ಟಿ, ಪಟ್ಟಿಯ ತುಂಬ ಸೆಂಟಿಮೀಟರಿನ ಕಪ್ಪು ಗೆರೆಗಳು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅಲ್ಲಿಗೆ ಹೋಗಿ, ನೀರು ಯಾವ ಗೆರೆ ಮುಟ್ಟಿದೆ ಅಂತ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ. ನೀರಿನ ಅಳತೆಯ ಇಲಾಖೆಯಲ್ಲಿ ಇದಕ್ಕೊಂದು ಉದ್ದನೆಯ ಹುದ್ದೆಯ ಹೆಸರಿತ್ತು. ಅದು ಅವಳ ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗಲಿಲ್ಲ.

ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡುತ್ತ ಬಂದಳು. ಒಂದು ಸಲ ಜ್ವರ ಬಂದು ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಬೇರೆ ಯಾರೇ ಆಗಿದ್ದರೂ ಹಿಂದಿನ ದಿನದ ಅಂಕಿ ನೋಡಿಕೊಂಡು ಅಂದಾಜಿನಲ್ಲಿ ತುಂಬಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ಪುಸ್ತಕದಲ್ಲಿ ಗೆರೆ ಎಳೆದ ಆರು ಮನೆಗಳಲ್ಲೂ ‘ನೋಡಿಲ್ಲ’ ಅಂತ ಬರೆದಳು. ತಿಂಗಳ ಕೊನೆಗೆ ಪುಸ್ತಕ ನೋಡಿದ ಹೆಡ್ ಕ್ಲರ್ಕ್ ನಕ್ಕರು.

“ಏನಮ್ಮಾ, ಒಂದೊಂದು ನಂಬರ್ ಹಾಕಿದ್ರೆ ಹಳ್ಳ ಏನು ಜಗಳಕ್ಕೆ ಬರ್ತಿತ್ತಾ?”

“ಹಳ್ಳ ಬರಲ್ಲ ಸಾರ್. ನನಗೆ ನಿದ್ದೆ ಬರಲ್ಲ.”

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ಇಸ್ತ್ರಿ ಹಲಗೆ, ನೆಲದ ತುಂಬ ಬಣ್ಣಬಣ್ಣದ ಚಿಂದಿ. ಬಂದ ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಮಾತು ಒಂದೇ: “ಈ ಮನೇಲಿ ಇಬ್ಬರೂ ಅಳೆಯೋರೇ ಸ್ವಾಮಿ. ನಾನು ನಿಮ್ಮ ಮನಸ್ಸು ನೋಯಬಾರದು ಅಂತ ಸೊಂಟದಲ್ಲಿ ಅರ್ಧ ಇಂಚು ಕಮ್ಮಿ ಹೇಳ್ತೀನಿ. ನನ್ನ ಹೆಂಡತಿ ಹತ್ರ ಮಾತ್ರ ಅಳತೆ ಕೊಡಬೇಡಿ, ಇದ್ದದ್ದನ್ನ ಇದ್ದ ಹಾಗೇ ಹೇಳಿಬಿಡ್ತಾಳೆ.”

ಅವಳು ಕೆಲಸಕ್ಕೆ ಸೇರಿದ ಹದಿನೆಂಟನೇ ವರ್ಷ ಒಂದು ಖಾಸಗಿ ಕಂಪನಿ ಬೆಟ್ಟದಲ್ಲಿ, ಅಳತೆ ಪಟ್ಟಿಗಿಂತ ಮೂರು ಕಿಲೋಮೀಟರ್ ಮೇಲೆ, ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿತು. ಕಟ್ಟೆಯ ಹಿಂದೆ ನಿಂತ ನೀರು ದೊಡ್ಡದೊಂದು ಕೊಳವೆ ಹೊಕ್ಕು, ಗುಡ್ಡದ ಪಕ್ಕೆಯಲ್ಲಿ ಇಳಿದು, ಸೇತುವೆಯ ಹತ್ತಿರ ಕಟ್ಟಿದ ವಿದ್ಯುತ್ ಮನೆಯ ಚಕ್ರ ತಿರುಗಿಸಿ ಮತ್ತೆ ಹಳ್ಳಕ್ಕೆ ಬೀಳುತ್ತಿತ್ತು. ಊರಿನವರು ದಿನಾ ನೋಡುವುದು ಸೇತುವೆ ಹತ್ತಿರದ ಹಳ್ಳವನ್ನು. ಅಲ್ಲಿ ನೀರಿಗೇನೂ ಕೊರತೆಯಿರಲಿಲ್ಲ. ಕಟ್ಟೆಗೂ ವಿದ್ಯುತ್ ಮನೆಗೂ ನಡುವಿನ ಹಳ್ಳ ಏನಾಯಿತು ಅಂತ ನೋಡಬೇಕಾದರೆ ಮೇಲಕ್ಕೆ ಹತ್ತಬೇಕು. ದಿನಾ ಹತ್ತುತ್ತಿದ್ದವಳು ಇವಳೊಬ್ಬಳೇ.

ಆ ನಡುವಿನ ಹಳ್ಳ ಸಾಯಬಾರದು ಅಂತ ಸರ್ಕಾರ ಒಂದು ಷರತ್ತು ಹಾಕಿತ್ತು. ಎಂಥ ಬೇಸಿಗೆಯಲ್ಲೂ ಬಂಡೆಯ ಪಟ್ಟಿಯಲ್ಲಿ ನೀರು ಹದಿನಾರು ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು. ಅದಕ್ಕೆ ಬೇಕಾದಷ್ಟು ನೀರನ್ನು ಕಟ್ಟೆಯ ಬುಡದ ಗೇಟಿನಿಂದ ಸದಾ ಬಿಡುತ್ತಿರಬೇಕು. ಈ ಹದಿನಾರು ಎಲ್ಲಿಂದ ಬಂತು? ಪಟ್ಟಿ ಅಕ್ಕನ ಪುಸ್ತಕಗಳಿಂದ. ಅಷ್ಟೂ ವರ್ಷಗಳ ಬೇಸಿಗೆಯ ಅಂಕಿಗಳನ್ನು ತೆಗೆದು ಎಂಜಿನಿಯರುಗಳು ಲೆಕ್ಕ ಹಾಕಿದ್ದರು. ಆ ಸುದ್ದಿ ಕೇಳಿದ ದಿನ ಅವಳು ಮನೆಗೆ ಬಂದು ಗಂಡನಿಗೆ ಹೇಳಿಯೂ ಹೇಳದ ಹಾಗೆ ಹೇಳಿದ್ದಳು: “ನನ್ನ ನಂಬರೇ ಕಾನೂನಾಯ್ತಂತೆ.” ಅವನು ಯಂತ್ರ ನಿಲ್ಲಿಸಿ ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದ.

ಅವಳ ಮೈದುನ, ಅಂದರೆ ದರ್ಜಿಯ ತಮ್ಮ, ಅದೇ ಕಂಪನಿಯಲ್ಲಿ ಗೇಟು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮೊದಲು ಅಲ್ಲಿ ಇಲ್ಲಿ ಹತ್ತು ಕೆಲಸ ಮಾಡಿ ಹತ್ತನ್ನೂ ಬಿಟ್ಟವನು. ಕಟ್ಟೆಯ ಪಕ್ಕದ ತಗಡಿನ ಕೋಣೆಯಲ್ಲಿ ವಾಸ. ಸಂಜೆ ಕೆಲಸ ಮುಗಿಸಿ ಇಳಿದು ಬಂದರೆ ಅಣ್ಣನ ಮನೆಯಲ್ಲಿ ಟೀ. ಅತ್ತಿಗೆ ಮೈದುನರಿಗೆ ಮೊದಲಿನಿಂದಲೂ ಸಲಿಗೆ. ಅವಳ ಮದುವೆಯಾದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅವನ ಎಷ್ಟೋ ತಂಟೆಗಳನ್ನು ಅಣ್ಣನ ಕಿವಿಗೆ ಬೀಳದ ಹಾಗೆ ಮುಚ್ಚಿಹಾಕಿದವಳು ಅವಳೇ.

ಹಾಗೆ ಮೂರು ಬೇಸಿಗೆ ಕಳೆದವು. ಪುಸ್ತಕದಲ್ಲಿ ಹದಿನಾರು, ಹದಿನೇಳು, ಹದಿನಾರೂವರೆ. ಎಲ್ಲ ಸರಿಯಾಗಿತ್ತು.

ನಾಲ್ಕನೇ ಬೇಸಿಗೆಯ ಒಂದು ದಿನ ಬೆಳಿಗ್ಗೆ ಅಳತೆ ಬರೆದು ಬಂದವಳು ಕನ್ನಡಕವನ್ನು ಅಲ್ಲೇ ಕಲ್ಲಿನ ಮೇಲೆ ಮರೆತಳು. ಮನೆಯಲ್ಲಿ ಗಂಡನ ಸೂಜಿಗೆ ದಾರ ಪೋಣಿಸುವ ಕೆಲಸವೂ ಅವಳದ್ದೇ. ಹನ್ನೊಂದು ಗಂಟೆಗೆ ಅವನು ಕೂಗಿದ, ಅವಳು ಹಣೆ ತಡಕಿಕೊಂಡಳು. ಬಿಸಿಲು ರಣರಣ ಅನ್ನುತ್ತಿತ್ತು. ಕೊಡೆ ಹಿಡಿದುಕೊಂಡು ಮತ್ತೆ ಹತ್ತಿದಳು.

ಬಂಡೆ ಹತ್ತಿರ ಬಂದಾಗ ಮೊದಲು ಅವಳಿಗೆ ಏನೋ ತಪ್ಪಿದೆ ಅನ್ನಿಸಿತೇ ಹೊರತು ಏನು ತಪ್ಪಿದೆ ಅಂತ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು: ಸದ್ದಿರಲಿಲ್ಲ. ಇಪ್ಪತ್ತೆರಡು ವರ್ಷ ಕಿವಿಯಲ್ಲಿ ತುಂಬಿಕೊಂಡಿದ್ದ ನೀರಿನ ಸದ್ದು ಇರಲಿಲ್ಲ. ಅಳತೆ ಪಟ್ಟಿಯ ಬುಡ ಒಣಗಿ, ಸೊನ್ನೆಯ ಗೆರೆಗಿಂತಲೂ ಕೆಳಗೆ, ಅವಳು ಎಂದೂ ನೋಡದಿದ್ದ ತುಕ್ಕು ಹಿಡಿದ ಬೋಲ್ಟು ಕಾಣುತ್ತಿತ್ತು. ಹಳ್ಳದ ಪಾತ್ರದಲ್ಲಿ ಬರೀ ಕಲ್ಲು. ಕಲ್ಲುಗಳ ಸಂದಿಯಲ್ಲಿ ಅಂಗೈಯಗಲದ ಗುಂಡಿಗಳಲ್ಲಿ ಉಳಿದ ನೀರು, ಅದರಲ್ಲಿ ಬೆರಳುದ್ದದ ಮೀನುಗಳು. ಹರಿವ ನೀರಿನಲ್ಲಿ ಕಲ್ಲಿಗೆ ಬಾಯಿ ಅಂಟಿಸಿಕೊಂಡು ನಿಲ್ಲುವ ಜಾತಿಯವು ಅವು. ಈಗ ಅಡ್ಡಡ್ಡ ಬಿದ್ದು ಕಿವಿರು ಬಡಿಯುತ್ತಿದ್ದವು. ಗೊದಮೊಟ್ಟೆಗಳು ಬಿಸಿಲಿಗೆ ಕಲ್ಲಿಗಂಟಿ ಕಪ್ಪು ಕಲೆಯಾಗಿದ್ದವು. ಎರಡು ಕಾಗೆಗಳು ಅವಸರವೇ ಇಲ್ಲದೆ ಊಟ ಮಾಡುತ್ತಿದ್ದವು.

ಅವಳು ಕಾಗೆ ಓಡಿಸಿದಳು. ಏನು ಮಾಡಬೇಕು ಅಂತ ತೋಚದೆ ಕೊಡೆಯನ್ನು ಉಲ್ಟಾ ಹಿಡಿದು, ಗುಂಡಿಯ ನೀರನ್ನು ಮೀನಿನ ಸಮೇತ ಬೊಗಸೆಯಲ್ಲಿ ಮೊಗೆದು ಅದಕ್ಕೆ ಹಾಕಿದಳು. ಕೆಳಗೆ ಬಂಡೆಯ ನೆರಳಲ್ಲಿ ಸೊಂಟದಾಳದ ಒಂದು ಮಡು ಇತ್ತು. ಅಲ್ಲಿಗೆ ಹೋಗಿ ಸುರಿದು ಬಂದಳು. ಕೊಡೆ ಸೋರುತ್ತಿತ್ತು. ಹದಿಮೂರು ಸಲ ಓಡಾಡಿದಳು. ಎಷ್ಟು ಮೀನು ಬದುಕಿತು ಅಂತ ಅವಳಿಗೂ ಗೊತ್ತಿಲ್ಲ. ಕನ್ನಡಕ ತೆಗೆದುಕೊಂಡು ಹೋಗಲು ಮರೆತಳು.

ಸಂಜೆ ಐದಕ್ಕೆ ಹೋದರೆ ಹಳ್ಳ ಝುಳುಝುಳು ಹರಿಯುತ್ತಿತ್ತು. ಹದಿನಾರೂವರೆ.

ಒಂದು ಕ್ಷಣ ಅವಳಿಗೆ ತನ್ನ ತಲೆಯ ಮೇಲೇ ಅನುಮಾನ ಬಂತು. ಮರುದಿನ ಮಧ್ಯಾಹ್ನ ಹೋದಳು, ಸೊನ್ನೆ. ಅದರ ಮರುದಿನವೂ ಸೊನ್ನೆ. ನಾಲ್ಕನೇ ದಿನ ಬುತ್ತಿ ಕಟ್ಟಿಕೊಂಡು ಹೋಗಿ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂತಳು. ಎಂಟೂವರೆಗೆ ನೀರು ಒಂದು ಗೆರೆ ಇಳಿಯಿತು. ಒಂಬತ್ತಕ್ಕೆ ಐದು ಗೆರೆ. ಒಂಬತ್ತು ಇಪ್ಪತ್ತಕ್ಕೆ ಪಟ್ಟಿಯ ಬುಡ ಒಣಗಿತು. ಆಮೇಲೆ ಇಡೀ ದಿನ ಸುಡುವ ಕಲ್ಲು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೇಲಿನಿಂದ ಸದ್ದು ಬಂತು, ಸದ್ದಿನ ಹಿಂದೆಯೇ ಒಣ ಎಲೆ ತಳ್ಳಿಕೊಂಡು ನೀರು ಬಂತು. ಐದಕ್ಕೆ ಸರಿಯಾಗಿ ಹದಿನಾರೂ ಮುಕ್ಕಾಲು.

ಅವಳು ಪುಸ್ತಕದಲ್ಲಿ ಹದಿನಾರೂ ಮುಕ್ಕಾಲು ಬರೆದು ಸಹಿ ಹಾಕಿದಳು. ಅಷ್ಟು ಸಿಟ್ಟು ಬಂದಿದ್ದರೂ ಅಂಕಿ ಗುಂಡಗೆ, ಸಾಲು ನೆಟ್ಟಗೇ ಇತ್ತು. ಯಾರಿಗೂ ಸುಳ್ಳು ಹೇಳದ ತನ್ನ ಪುಸ್ತಕವನ್ನು ಹಿಡಿದುಕೊಂಡು ಯಾರೋ ಇಡೀ ಹಳ್ಳವನ್ನೇ ಸುಳ್ಳು ಮಾಡಿದ್ದರು.

ಅವತ್ತು ಮೈದುನ ಎಂದಿನಂತೆ ಬಂದು ಇಸ್ತ್ರಿ ಹಲಗೆಯ ಪಕ್ಕದ ಸ್ಟೂಲಿನ ಮೇಲೆ ಕೂತ.

“ಅತ್ತಿಗೆ, ಟೀ ಇದೆಯಾ?”

“ಇದೆ. ಗೇಟು ಎಷ್ಟು ಹೊತ್ತಿಗೆ ಮುಚ್ತೀಯ ಹೇಳು, ಆಮೇಲೆ ಕೊಡ್ತೀನಿ.”

ಅವನ ಮುಖ ಸಣ್ಣಗಾಯಿತು. “ಯಾವ ಗೇಟು?”

“ಊರಲ್ಲಿ ಎಷ್ಟು ಗೇಟಿದೆಯೋ?”

ಅವನು ಅಣ್ಣನ ಕಡೆ ನೋಡಿದ. ಅಣ್ಣ ತಲೆ ಎತ್ತಲಿಲ್ಲ, ಆದರೆ ಯಂತ್ರದ ಸದ್ದು ನಿಂತಿತ್ತು.

“ಫೋನ್ ಬರತ್ತೆ ಅತ್ತಿಗೆ. ತೆರಿ ಅಂದ್ರೆ ತೆರೀತೀನಿ, ಮುಚ್ಚು ಅಂದ್ರೆ ಮುಚ್ತೀನಿ. ಮುಚ್ಚಿದಷ್ಟು ಹೊತ್ತು ಕೊಳವೆಗೆ ಜಾಸ್ತಿ ನೀರು ಹೋಗತ್ತಂತೆ. ನನ್ನದೇನಿದೆ ಅದರಲ್ಲಿ?”

“ಎಂಟಕ್ಕೆ ಐದಕ್ಕೆ ನಾನು ಬಂದು ನೋಡ್ತೀನಿ ಅಂತ ಅವರಿಗೆ ಹೇಳಿದ್ದು ಯಾರು?”

ಅವನು ಖಾಲಿ ಕೈಗಳನ್ನು ನೋಡಿಕೊಂಡ. “ಕೇಳಿದ್ರು, ಹೇಳ್ದೆ. ಅದೇನು ಗುಟ್ಟಾ? ಇಡೀ ಊರಿಗೆ ಗೊತ್ತಿರೋ ವಿಷಯ.”

“ಕೇಳಿದಾಗ, ಯಾಕೆ ಕೇಳ್ತಿದಾರೆ ಅಂತ ನಿನಗೆ ಅನ್ನಿಸಲಿಲ್ಲವಾ?”

“ಅನ್ನಿಸ್ತು,” ಅಂದ ಅವನು. ಅದೊಂದು ಮಾತನ್ನು ನಿಜವಾಗಿ ಹೇಳಿ ಎದ್ದು ಹೋದ. ಟೀ ಕುದಿದು ಕುದಿದು ಪಾತ್ರೆಯ ತಳ ಹಿಡಿಯಿತು.

ಮಾರನೆಯ ವಾರ ಅವಳು ಬಸ್ಸು ಹಿಡಿದು ಇಲಾಖೆಯ ಕಚೇರಿಗೆ ಹೋದಳು. ಎರಡನೇ ಮಹಡಿ, ಫೈಲಿನ ರಾಶಿಯಿಂದ ಕಿಟಕಿಯೇ ಮುಚ್ಚಿಹೋದ ಕೋಣೆ. ಹೆಡ್ ಕ್ಲರ್ಕ್ ಅವಳ ಮಾತೆಲ್ಲ ಕೇಳಿ ನಮೂನೆಯ ಪುಸ್ತಕ ತೆರೆದು ತೋರಿಸಿದರು. “ನೋಡಮ್ಮ, ದಿನಕ್ಕೆ ಎರಡೇ ಮನೆ ಇರೋದು. ಎಂಟು, ಐದು. ಮಧ್ಯಾಹ್ನಕ್ಕೆ ಮನೆಯೇ ಇಲ್ಲ. ಎಲ್ಲಿ ಬರೀತೀಯ?”

“ಮನೆ ಇಲ್ಲ ಅಂದ್ರೆ ಮಧ್ಯಾಹ್ನವೇ ಇಲ್ಲ ಅಂತಲಾ ಸಾರ್?”

ಅವರು ಎಂಜಿನಿಯರ್ ಕೋಣೆ ತೋರಿಸಿದರು. ಎಂಜಿನಿಯರ್ ಕೆಟ್ಟವರಲ್ಲ, ಕೂರಲು ಹೇಳಿ, ನೀರು ತರಿಸಿಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, ಗೊತ್ತುಪಡಿಸಿದ ಹೊತ್ತಿನಲ್ಲಿ ತೆಗೆಯದ ಅಳತೆ ಇಲಾಖೆಯ ದೃಷ್ಟಿಯಲ್ಲಿ ಅಳತೆಯೇ ಅಲ್ಲ ಅಂತ. ಹೊತ್ತು ಬದಲಾಯಿಸಬೇಕಾದರೆ ಮೇಲಿನ ಕಚೇರಿಗೆ ಬರೆಯಬೇಕು. ಮೇಲಿನ ಕಚೇರಿ ಅದಕ್ಕೂ ಮೇಲಿನವರನ್ನು ಕೇಳಬೇಕು.

“ಹಾಗಾದ್ರೆ ಬರೀರಿ ಸಾರ್.”

“ಬರೀತೀನಿ.”

ಅವರು ಬರೆದರು ಕೂಡ. ಏಳು ತಿಂಗಳ ಮೇಲೆ ಉತ್ತರ ಬಂತು. ‘ಪ್ರಸ್ತಾವಕ್ಕೆ ಸಂಬಂಧಿಸಿದಂತೆ, ನಿಗದಿತ ಸಮಯದ ಅಳತೆಗಳಲ್ಲಿ ಯಾವುದೇ ವ್ಯತ್ಯಾಸ ಕಂಡುಬರದ ಕಾರಣ ಸಮಯ ಬದಲಾವಣೆಯ ಅಗತ್ಯವಿರುವುದಿಲ್ಲ.’ ಅವಳು ಆ ಕಾಗದವನ್ನು ಗಂಡನಿಗೆ ಓದಿ ಹೇಳಿದಳು. ಅವನು ಇನ್ನೊಮ್ಮೆ ಓದು ಅಂದ. ಇನ್ನೊಮ್ಮೆ ಓದಿದಳು. “ಅಂದ್ರೆ,” ಅಂದ ಅವನು, “ಕಳ್ಳ ಬರದೇ ಇರೋ ಹೊತ್ತಲ್ಲಿ ಕಾವಲು ಕೂತ್ಕೊ ಅಂತ.”

ಆದರೂ ಅವಳು ಬರೆಯುವುದನ್ನು ಬಿಡಲಿಲ್ಲ. ಕಚೇರಿ ಮನೆ ಕೊಡದಿದ್ದರೆ ಬೇಡ ಅಂತ ಗಂಡನ ಗಿರಾಕಿ ಪುಸ್ತಕ ಎತ್ತಿಕೊಂಡಳು. ಅದರಲ್ಲಿ ಉದ್ದಕ್ಕೆ ಎದೆ, ಸೊಂಟ, ತೋಳು, ಉದ್ದ ಅಂತ ಮನೆಗಳು ಅಚ್ಚಾಗಿದ್ದವು. ಬೆಳಿಗ್ಗೆ ಹತ್ತರದ್ದು ಎದೆಯಲ್ಲಿ, ಹನ್ನೆರಡರದ್ದು ಸೊಂಟದಲ್ಲಿ, ಎರಡರದ್ದು ತೋಳಿನಲ್ಲಿ ಬರೆದಳು. ಮಳೆ ಸುರಿಯುವ ತಿಂಗಳಲ್ಲಿ ನೀರು ಕಟ್ಟೆ ಹಾರಿ ಬರುತ್ತಿತ್ತು, ಆಗ ಬರೆಯಲು ಏನೂ ಇರಲಿಲ್ಲ. ನೀರು ಕಮ್ಮಿಯಾದ ಕೂಡಲೇ ಮತ್ತೆ ಶುರು. ನೂರ ನಲವತ್ತು ದಿನ ಹೀಗೆ ದಿನಕ್ಕೆ ಐದು ಸಲ ಬೆಟ್ಟ ಹತ್ತಿದಳು. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಊರಲ್ಲಿ ಕೆಲವರು ಅವಳಿಗೆ ಏನೋ ಆಗಿದೆ ಅಂದರು. ಇನ್ನು ಕೆಲವರು, ಸೇತುವೆ ಹತ್ತಿರ ನೀರು ಚೆನ್ನಾಗಿಯೇ ಇದೆಯಲ್ಲ, ಮೇಲೆ ಕಾಡಲ್ಲಿ ಇದ್ದರೇನು ಬಿಟ್ಟರೇನು, ಅಂದರು. ಈ ಎರಡನೆಯವರ ಮಾತೇ ಅವಳನ್ನು ಹೆಚ್ಚು ಕಾಡಿದ್ದು. ಯಾಕೆಂದರೆ ಅವರಿಗೆ ಉತ್ತರ ಹೇಳಲು ಹೋದರೆ ಮೀನು, ಏಡಿ, ಕಪ್ಪೆ ಅನ್ನಬೇಕಾಗುತ್ತಿತ್ತು, ಅಷ್ಟರಲ್ಲಿ ಅವರು ನಗುತ್ತಿದ್ದರು.

ಪುಸ್ತಕದ ಪ್ರತಿ ಮಾಡಿಸಿ ಹನ್ನೊಂದು ಕಡೆಗೆ ಅರ್ಜಿ ಹಾಕಿದಳು. ಹತ್ತು ಕಡೆಯಿಂದ ‘ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ’ ಅಂತ ಬಂತು. ಆ ಸಂಬಂಧಪಟ್ಟ ಇಲಾಖೆ ಅವಳದ್ದೇ ಇಲಾಖೆ. ಹನ್ನೊಂದನೆಯ ಅರ್ಜಿ ಯಾರ ಕೈಗೆ ಸಿಕ್ಕಿತೋ, ತನಿಖೆ ಅಂತ ಆಯಿತು. ಅಧಿಕಾರಿಗಳು ಬರುವ ದಿನ ಗೊತ್ತುಮಾಡಿ, ಹನ್ನೆರಡು ದಿನ ಮೊದಲೇ ಕಾಗದ ಕಳಿಸಿದರು. ಅವಳಿಗೊಂದು, ಕಚೇರಿಗೊಂದು, ಕಂಪನಿಗೊಂದು.

ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹಳ್ಳದಲ್ಲಿ ಹತ್ತೊಂಬತ್ತು ಸೆಂಟಿಮೀಟರ್ ನೀರು ಹರಿಯುತ್ತಿತ್ತು.

ತನಿಖೆಗೆ ಬಂದ ಸಾಹೇಬರು ಬೂಟು ಒದ್ದೆಯಾಗದ ಹಾಗೆ ದಡದ ಕಲ್ಲಿನ ಮೇಲೆ ನಿಂತಿದ್ದರು. ಅವರ ಸುತ್ತ ಕಂಪನಿಯ ಮ್ಯಾನೇಜರ್, ಎಂಜಿನಿಯರ್, ಇನ್ನೂ ಮೂರ್ನಾಲ್ಕು ಜನ. “ಏನಮ್ಮಾ,” ಅಂದರು ಸಾಹೇಬರು, “ಇದೇನಾ ನಿಮ್ಮ ಒಣಗಿದ ಹಳ್ಳ?” ಮ್ಯಾನೇಜರ್ ಕಿಸಕ್ ಅಂತ ನಕ್ಕರು.

“ಇವತ್ತು ನೀವು ಬರ್ತೀರ ಅಂತ ಬಿಟ್ಟಿದಾರೆ ಸಾರ್.”

“ನಾನು ಬರದಿದ್ದಾಗ ಏನಾಗತ್ತೆ ಅಂತ ನಾನು ಬಂದು ಹೇಗೆ ನೋಡಲಿ, ನೀವೇ ಹೇಳಿ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಣ್ಣಲ್ಲಿ ನೀರು ಬರಬಾರದು, ಇವರೆದುರು ಬರಲೇಬಾರದು ಅಂತ ಹಲ್ಲು ಕಚ್ಚಿಕೊಂಡು ಅತ್ತ ತಿರುಗಿದಳು.

ಆಗ ಕಂಡಳು. ಸಾಹೇಬರ ಜೊತೆ ಬಂದಿದ್ದ ಒಬ್ಬ ಮೇಡಂ, ಮೀನಿನ ಶಾಸ್ತ್ರ ಓದಿದವರಂತೆ, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದವರು, ಚಪ್ಪಲಿ ಕಳಚಿ ಪ್ಯಾಂಟು ಮಡಚಿ ನೀರಿಗೆ ಇಳಿದಿದ್ದರು. ಒಂದೊಂದೇ ಕಲ್ಲೆತ್ತಿ ಮಗುಚಿ ನೋಡಿ ವಾಪಸು ಇಡುತ್ತಿದ್ದರು. ಇಪ್ಪತ್ತು ಕಲ್ಲಾದ ಮೇಲೆ ಅವಳನ್ನು ಕೈಬೀಸಿ ಕರೆದರು.

“ಅಕ್ಕ, ಈ ಕಲ್ಲಿನ ಅಡಿ ಮೊದಲು ಏನಿರ್ತಿತ್ತು?”

“ಹುಳ ಮೇಡಂ. ಮರಳು ಅಂಟಿಸಿಕೊಂಡು ಗೂಡು ಕಟ್ಟಿಕೊಳ್ಳೋ ಹುಳ. ಮತ್ತೆ ಚಪ್ಪಟೆ ಹುಳ, ಬಾಲಕ್ಕೆ ಮೂರು ಎಳೆ ಇರೋದು. ಸಣ್ಣ ಏಡಿ.”

“ಈಗ ನೋಡಿ.”

ಕಲ್ಲಿನ ಅಡಿ ತೊಳೆದಿಟ್ಟ ತಟ್ಟೆಯಂತಿತ್ತು. ಏನೂ ಇರಲಿಲ್ಲ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಸಾಹೇಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಕಟ್ಟೆಗಿಂತ ಮೇಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೊದಲು ಎತ್ತಿದ ಕಲ್ಲಿನಲ್ಲೇ ಹುಳಗಳು ಗಿಜಿಗುಡುತ್ತಿದ್ದವು. “ಸಾರ್, ಇವು ಬೆಳೆಯೋಕೆ ತಿಂಗಳುಗಟ್ಟಲೆ ಬೇಕು, ಒಂದು ದಿನವೂ ಒಣಗಬಾರದು,” ಅಂದರು. “ನೀರನ್ನ ಇವತ್ತು ಬಿಡಬಹುದು. ಇದನ್ನ ಇವತ್ತು ತಂದು ಹಾಕೋಕಾಗಲ್ಲ.” ಸಾಹೇಬರು ಕಲ್ಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮ್ಯಾನೇಜರ್ ಆಮೇಲೆ ನಗಲಿಲ್ಲ.

ಇಷ್ಟು ವರ್ಷ ನೀರಿನ ಎತ್ತರ ಬರೆದವಳಿಗೆ, ಇದೇ ವಿಷಯವನ್ನು ಹಳ್ಳ ತನ್ನ ಕಲ್ಲಿನಡಿಯಲ್ಲೂ ಬರೆದಿಟ್ಟುಕೊಂಡಿರುತ್ತದೆ ಅಂತ ಗೊತ್ತಿರಲಿಲ್ಲ. ಇನ್ನು ಬೇಗ ಮುಗಿಯುತ್ತದೆ ಅಂತ ಅವತ್ತು ಅಂದುಕೊಂಡಳು. ಮುಗಿಯಲಿಲ್ಲ.

ವಿಚಾರಣೆ ನಡೆದದ್ದು ಐದು ತಿಂಗಳ ನಂತರ, ಫ್ಯಾನು ಕಿರ್ರೆನ್ನುವ ಒಂದು ಉದ್ದನೆಯ ಕೋಣೆಯಲ್ಲಿ. ಕಂಪನಿಯ ವಕೀಲರು ಮೊದಲು ಇಲಾಖೆಯ ಪುಸ್ತಕ ತೆರೆದರು. “ಇದು ನಿಮ್ಮ ಸಹಿಯಾ?”

“ಹೌದು.”

“ಹದಿನಾರು, ಹದಿನೇಳು, ಹದಿನಾರೂವರೆ. ಇವು ನಿಜವಾ ಸುಳ್ಳಾ?”

“ನಿಜ. ಆದರೆ—”

“ನಿಜ ಅಂದ್ರಿ. ಸಾಕು.” ಆಮೇಲೆ ದರ್ಜಿಯ ಪುಸ್ತಕ ಎತ್ತಿಕೊಂಡರು. ಪುಟ ತಿರುಗಿಸಿ, ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಕಡೆ ತಿರುಗಿ ಓದಿದರು: “ಎದೆ ಎರಡು, ಸೊಂಟ ಸೊನ್ನೆ, ತೋಳು ಸೊನ್ನೆ. ಸ್ವಾಮಿ, ಇದು ಯಾರ ಶರ್ಟಿನ ಅಳತೆ ಅಂತ ದಯವಿಟ್ಟು ಕೇಳಿ.”

ಇಡೀ ಕೋಣೆ ನಕ್ಕಿತು. ಹಿಂದೆ ಕೂತಿದ್ದ ಅವಳ ಗಂಡ, ತನ್ನ ಜೀವಮಾನದಲ್ಲಿ ಮೊದಲ ಸಲ, ಯಾರೋ ಮಾಡಿದ ಅಳತೆಯ ತಮಾಷೆಗೆ ನಗಲಿಲ್ಲ.

ಕೊನೆಗೆ ಮೈದುನನನ್ನು ಕರೆದರು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ, ಅಣ್ಣನೇ ಹೊಲಿದದ್ದು. ಗೇಟು ಯಾವತ್ತಾದರೂ ಮುಚ್ಚಿದ್ದುಂಟಾ ಅಂತ ಕೇಳಿದರು. ಅವನು ಅತ್ತಿಗೆಯ ಕಡೆ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ: “ಇಲ್ಲ. ಯಾವಾಗಲೂ ತೆರೆದೇ ಇತ್ತು.”

ವಾಪಸು ಬರುವ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ, ಗಂಡ ಅಂದ, “ಅವನು ಮನೆಗೆ ಬಂದರೆ ಬಾಗಿಲು ಹಾಕ್ತೀನಿ.”

“ಅವನಿಗೆ ಹಾಕಿ ಏನು ಪ್ರಯೋಜನ ರೀ. ಅವನ ಕೈ ಹಿಡಿದು ತಿರುಗಿಸಿದೋರು ಮನೆಗೆ ಬರಲ್ಲವಲ್ಲ,” ಅಂದಳು ಅವಳು. ಅಷ್ಟು ಹೇಳಿದರೂ ಎಂಟು ತಿಂಗಳು ಅವನ ಮುಖ ನೋಡಲಿಲ್ಲ. ಅವನೂ ಟೀಗೆ ಬರಲಿಲ್ಲ.

ವಿಚಾರಣೆಯಲ್ಲಿ ಅವಳು ಕೇಳಿದ್ದು ಒಂದೇ. ಗೇಟು ಬೇಡ, ತೂತು ಬೇಕು. ಮುಚ್ಚಲು ಬಾಗಿಲಿಲ್ಲದ, ತಿರುಗಿಸಲು ಚಕ್ರವಿಲ್ಲದ, ಫೋನಿನ ಮಾತು ಕೇಳದ ಒಂದು ತೂತನ್ನು ಕಟ್ಟೆಯ ಬುಡದಲ್ಲಿ ಕೊರೆಯಿರಿ. ಹದಿನಾರು ಸೆಂಟಿಮೀಟರ್ ನೀರು ಹಗಲೂ ರಾತ್ರಿ ತಾನಾಗಿ ಬರಲಿ. ಮೀನಿನ ಮೇಡಂ ಕೂಡ ವರದಿಯಲ್ಲಿ ಅದನ್ನೇ ಬರೆದಿದ್ದರು.

ಆದೇಶ ಬಂತು. ಹದಿನಾಲ್ಕು ಪುಟ. ಅವಳು ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತು ಮೊದಲಿಂದ ಕೊನೆವರೆಗೆ ಓದಿದಳು. ಕಂಪನಿ ಷರತ್ತು ಮುರಿದಿದೆ ಎನ್ನಲು ಸಾಕಷ್ಟು ಆಧಾರವಿಲ್ಲ. ಆದರೂ ಹಳ್ಳದ ಜೀವಿಗಳ ಹಿತದೃಷ್ಟಿಯಿಂದ ಕಟ್ಟೆಯಲ್ಲಿ ಶಾಶ್ವತ ರಂಧ್ರ ಮಾಡತಕ್ಕದ್ದು. ಪ್ರಾಯೋಗಿಕವಾಗಿ, ಹಳೆಯ ಹದಿನಾರರ ಬದಲು, ಅಳತೆ ಪಟ್ಟಿಯಲ್ಲಿ ಒಂಬತ್ತು ಸೆಂಟಿಮೀಟರ್ ನೀರು ಬರುವಷ್ಟು. ಕೊನೆಯ ಪುಟದಲ್ಲಿ ಅವಳ ವಿಷಯವೂ ಇತ್ತು: ನಿಗದಿತ ಸಮಯ ಬಿಟ್ಟು ಅನಧಿಕೃತವಾಗಿ ಅಳತೆ ತೆಗೆದಿದ್ದಕ್ಕೆ ಸಂಬಂಧಪಟ್ಟ ಇಲಾಖೆ ಸದರಿ ನೌಕರರಿಗೆ ಎಚ್ಚರಿಕೆ ನೀಡುವುದು.

“ಗೆದ್ದೆಯಾ, ಸೋತೆಯಾ?” ಅಂತ ಗಂಡ ಕೇಳಿದ.

“ನಂಗೊತ್ತಿಲ್ಲ,” ಅಂದಳು. “ಹದಿನಾರು ಕಾನೂನು ಅಂದ್ರು. ಈಗ ಒಂಬತ್ತು ಉಪಕಾರ ಅಂತಿದಾರೆ.”

ತೂತು ಕೊರೆದರು. ಎಚ್ಚರಿಕೆಯ ಕಾಗದವೂ ಬಂತು. ಹೆಡ್ ಕ್ಲರ್ಕ್ ಅದನ್ನು ಕೊಡುವಾಗ ತಲೆ ಎತ್ತಲಿಲ್ಲ. ನೀರು ಈಗ ಮಧ್ಯಾಹ್ನವೂ ಬರುತ್ತಿತ್ತು, ತೆಳ್ಳಗೆ. ಎರಡು ತಿಂಗಳಲ್ಲಿ ಕಟ್ಟೆಯ ಹತ್ತಿರದ ಕಲ್ಲುಗಳ ಮೇಲೆ ಪಾಚಿಯ ಹಸಿರು ಹಿಡಿಯಿತು. ಬಂಡೆಯ ಬುಡದಲ್ಲಿ ಒಂದೆರಡು ಮರಳಿನ ಗೂಡು ಕಂಡವು. ಆದರೆ ಅಗಲವಾದ ಕಡೆಗಳಲ್ಲಿ ಒಂಬತ್ತು ಸೆಂಟಿಮೀಟರ್ ನೀರು ಕಲ್ಲುಗಳ ನಡುವೆ ಹಂಚಿಹೋಗಿ, ಮೀನು ದಾಟುವಷ್ಟು ಆಳ ಇರುತ್ತಿರಲಿಲ್ಲ. ಮಡುವಿನಲ್ಲಿದ್ದವು ಮಡುವಿನಲ್ಲೇ ಉಳಿದವು.

ಅದರ ಮೇಲೆ ಇನ್ನೊಂದು ತಾಪತ್ರಯ. ಎಲೆ ಉದುರುವ ಕಾಲದಲ್ಲಿ ಒಂದು ದಿನ ಬೆಳಿಗ್ಗೆ ಪಟ್ಟಿಯಲ್ಲಿ ಬರೀ ನಾಲ್ಕು ಇತ್ತು. ಸಿಟ್ಟಿನಲ್ಲಿ ಮೂರು ಕಿಲೋಮೀಟರ್ ಹತ್ತಿ ಕಟ್ಟೆಗೆ ಹೋದಳು. ಯಾರೂ ಮುಚ್ಚಿರಲಿಲ್ಲ. ತೇಲಿ ಬಂದ ಎಲೆ, ಕಡ್ಡಿ, ಹರಿದ ಪ್ಲಾಸ್ಟಿಕ್ ಚೀಲ ಎಲ್ಲ ಸೇರಿ ತೂತಿನ ಬಾಯಿಗೆ ಮೆತ್ತಿಕೊಂಡಿತ್ತು. ಕಂಪನಿಯ ಕೋಣೆಯಲ್ಲಿ ಕೇಳಿದರೆ, ತೂತು ಮಾಡಬೇಕು ಅಂತ ಆದೇಶದಲ್ಲಿದೆ, ಮಾಡಿದ್ದೇವೆ, ಚೊಕ್ಕಟ ಮಾಡಬೇಕು ಅಂತ ಎಲ್ಲಿದೆ ತೋರಿಸಿ ಅಂದರು. ಅವಳು ಹದಿನಾಲ್ಕು ಪುಟವನ್ನೂ ನೆನಪು ಮಾಡಿಕೊಂಡಳು. ನಿಜ, ಇರಲಿಲ್ಲ.

ಅಂದಿನಿಂದ ವಾರಕ್ಕೆರಡು ಸಲ ಬೆಳಗಿನ ಅಳತೆ ಮುಗಿಸಿ ಅವಳೇ ಹತ್ತುತ್ತಿದ್ದಳು. ಉದ್ದನೆಯ ಕೋಲಿಗೆ ಗಂಡ ಒಂದು ಕಬ್ಬಿಣದ ಕೊಕ್ಕೆ ಕಟ್ಟಿಕೊಟ್ಟಿದ್ದ. ಕಟ್ಟೆಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೋಲು ಇಳಿಬಿಟ್ಟು ಕಸ ಎಳೆಯಬೇಕು. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಎಳೆಯುತ್ತಿದ್ದಳು: ಇಲಾಖೆಯನ್ನು, ಕಂಪನಿಯನ್ನು, ಎಲೆಗಳನ್ನು.

ಒಂದು ದಿನ ಹಾಗೆ ಮಲಗಿ ಬೈಯುತ್ತಿರುವಾಗ ಪಕ್ಕದಲ್ಲಿ ಇನ್ನೊಂದು ಕೋಲು ನೀರಿಗೆ ಇಳಿಯಿತು. ತಿರುಗಿ ನೋಡಿದರೆ ಮೈದುನ. ಗೇಟಿನ ಕೆಲಸ ಹೋಗಿ ಈಗ ಅವನನ್ನು ಕೊಳವೆಯ ಬಾಯಿಯ ಕಸ ತೆಗೆಯಲು ಹಾಕಿದ್ದರು. ಕೆನ್ನೆ ಒಳಗೆ ಹೋಗಿತ್ತು.

“ನಿನಗೆ ಇದು ಹೇಳಿದಾರಾ?” ಅಂದಳು ಅವಳು, ಕೋಲು ಬಿಡದೆ.

“ಇಲ್ಲ. ಮುಟ್ಟಬೇಡ ಅಂದಿದಾರೆ.”

“ಮತ್ತೆ?”

“ನೀವು ಎಳೀತಿರೋದು ತಪ್ಪು ಕಡೆಯಿಂದ ಅತ್ತಿಗೆ. ಎಡಗಡೆಯಿಂದ ಕೊಕ್ಕೆ ಹಾಕಿದ್ರೆ ಪೂರ್ತಿ ಬರತ್ತೆ.”

“ಅವತ್ತು ಕ್ಯಾಲೆಂಡರ್ ನೋಡ್ತಾ ಹೇಳಿದೆಯಲ್ಲ. ಅದರಲ್ಲಿ ಏನು ಬರೆದಿತ್ತು?”

“ಹಾಗೇ ಹೇಳು ಅಂದಿದ್ರು. ಹೇಳದಿದ್ರೆ ಕೆಲಸ ಇಲ್ಲ ಅಂದಿದ್ರು. ಹೇಳಿದ ಮೇಲೂ ಗೇಟಿನ ಕೆಲಸ ಕಿತ್ಕೊಂಡ್ರು.” ಕೊಕ್ಕೆಗೆ ಸಿಕ್ಕ ಒದ್ದೆ ಎಲೆಯ ರಾಶಿಯನ್ನು ದಡಕ್ಕೆ ಎಸೆದ. “ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ ನನಗೆ.”

“ಕೇಳಬೇಡ ಹಾಗಾದ್ರೆ,” ಅಂದಳು ಅವಳು. “ಇಷ್ಟು ಬೇಗ ಕೊಡೋ ಮನಸ್ಸೂ ನನಗಿಲ್ಲ. ಎಡಗಡೆ ಅಂದೆಯಲ್ಲ, ತೋರಿಸು.”

ಅವನು ತೋರಿಸಿದ. ಕಸ ಒಂದೇ ಸಲಕ್ಕೆ ಕಿತ್ತುಬಂತು. ತೂತಿನಿಂದ ನೀರು ಭರ್ರನೆ ಆಚೆ ಹಾರಿತು. ಇಬ್ಬರೂ ಎದ್ದು ಕೂತು ಅದನ್ನು ನೋಡಿದರು. ಅವಳ ಬಟ್ಟೆಯ ಮುಂಭಾಗವೆಲ್ಲ ಪಾಚಿ.

“ಇದು ಹದಿನಾರಕ್ಕೆ ಸಾಲಲ್ಲ ಅಲ್ವಾ ಅತ್ತಿಗೆ?”

“ಒಂಬತ್ತು. ಪೂರ್ತಿ ತೆರೆದಿದ್ದರೂ ಒಂಬತ್ತು. ಕಣ್ಣೊರೆಸೋಕೆ ಮಾಡಿದ ತೂತು ಇದು.”

“ಮತ್ತೆ ಅರ್ಜಿ ಹಾಕ್ತೀರಾ?”

“ಹಾಕಿದೀನಿ. ಎರಡು ಸಲ. ಈ ವಿಷಯ ಮುಗಿದಿದೆ ಅಂತ ಬರೆದರು.” ಅವಳು ಕೋಲಿನ ಕೊಕ್ಕೆಯನ್ನು ಕಲ್ಲಿಗೆ ಉಜ್ಜಿ ಕೆಸರು ತೆಗೆದಳು. “ಯಾರಿಗೆ ಮುಗಿದಿದೆ ಅಂತ ಕೇಳಿ ಮೂರನೇದು ಬರೀಬೇಕು. ಈ ಸಲ ಗೇಟು ಎಷ್ಟು ಹೊತ್ತಿಗೆ ಮುಚ್ತಿದ್ರು ಅಂತ ಯಾರಾದರೂ ಸಹಿ ಹಾಕಿ ಬರೆದುಕೊಟ್ಟರೆ ಅದರ ಜೊತೆ ಇಡ್ತೀನಿ.”

ಕೆಳಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಕೋಲು ಎತ್ತಿಕೊಂಡು ಹೊರಟ. ನಾಲ್ಕು ಹೆಜ್ಜೆ ಹೋಗಿ ನಿಂತು, “ಗುರುವಾರ ನಾನೇ ತೆಗೀತೀನಿ, ನೀವು ಹತ್ತಿ ಬರಬೇಡಿ, ಮಂಡಿ ನೋವಲ್ವಾ,” ಅಂದ.

“ನಾನು ಬಂದು ನೋಡ್ತೀನಿ,” ಅಂದಳು ಅವಳು. “ನಿನ್ನ ಮಾತಿನ ಮೇಲೆ ಬಿಡೋ ಹಾಗಿಲ್ಲ ಇನ್ನು.”

ಗುರುವಾರ ಹೋದಳು. ತೂತು ಚೊಕ್ಕಟವಾಗಿತ್ತು. ಹನ್ನೆರಡರ ಹೊತ್ತಿಗೆ ಕೆಳಗಿಳಿದು ಬಂದು ಪಟ್ಟಿ ನೋಡಿದಳು: ಒಂಬತ್ತು. ಬೈದುಕೊಂಡೇ ಗಿರಾಕಿ ಪುಸ್ತಕ ತೆಗೆದು ಸೊಂಟದ ಮನೆಯಲ್ಲಿ ಬರೆದಳು.